ಕುಣಿಯದ ಮಗಳು, ಕುಣಿದ ಅಪ್ಪ

ಗೆಳೆಯರೇ, ಇವತ್ತು ಬೆಳಿಗ್ಗೆ ತ್ಯಾಗರಾಜನಗರದ ಒಂದು ಮನೆಯ ಹಾಲ್‌ನಲ್ಲಿ, ಪುಟಾಣಿಗಳ ಹಾಡು-ಕುಣಿತದ ಕ್ಲಾಸು. ಎಲ್ಲ ಮಕ್ಕಳೂ ಗಿಲಕಿ ಆಡಿಸುತ್ತ ಕುಪ್ಪಳಿಸುತ್ತಿದ್ದರೆ ಎರಡು ವರ್ಷದ ನನ್ನ ಮಗಳು ಮಾತ್ರ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

"ಎಲ್ರೂ ನೋಡ್ತಿದಾರೆ, ಕುಣಿ ಪುಟ್ಟಿ" ಎಂದು ಕೈ ಹಿಡಿದು ಎಳೆದೆ. ಅಳು ಶುರುವಾಯಿತು.

ಟೀಚರ್ ಹತ್ತಿರ ಬಂದರು. "ಅವಳನ್ನ ಬಿಡಿ ಸರ್. ನೀವು ಕುಣೀರಿ."

"ನಾನಾ? ಎಲ್ರೂ ನೋಡ್ತಿದಾರಲ್ಲ ಮೇಡಂ!"

ಅಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ನನ್ನನ್ನು ಹೆದರಿಸುವ ಮಾತನ್ನೇ ಮಗಳಿಗೆ ಧೈರ್ಯ ಅಂತ ಕೊಡುತ್ತಿದ್ದೆ. ನಾಚಿಕೆಯಾಗಿ ಎದ್ದು ಕುಣಿದೆ, ಬಹುಶಃ ಮೂವತ್ತು ವರ್ಷದ ನಂತರ.

ಮಗಳು ಅಳು ನಿಲ್ಲಿಸಿ ಬಂದು ನನ್ನ ಪ್ಯಾಂಟು ಹಿಡಿದಳು. "ಅಪ್ಪಾ, ಸಾಕು. ಕೂತ್ಕೋ."

ಮುಂದಿನ ವಾರವೂ ಹೋಗುತ್ತೇವೆ. ಕುಣಿಯೋದು ಬಿಡೋದು ಅವಳಿಷ್ಟ, ನನಗಂತೂ ಅಭ್ಯಾಸ ಬೇಕು.