ಗ್ರೇವಿಯ ಮೈಯೊಳಗಿನ ಬಿಳುಪು

ಲೊರೀನ್ ಸ್ಟಿಡಮ್ ನನ್ನ ಜೊತೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ಬಿಸಿ ಚಾದರಗಳನ್ನು ಮಡಚಿ ಮಡಚಿ ಅವಳ ಬೆರಳ ಗಂಟುಗಳು ಊದಿಕೊಂಡಿದ್ದವು. ಮನೆಯಲ್ಲಿ ಗಂಡ ಗಾರ್ಲಂಡ್ ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡು ಕೂತಿರುತ್ತಿದ್ದ. ಎರಕದ ಕಾರ್ಖಾನೆಯ ದೂಳು ಅವನ ಶ್ವಾಸಕೋಶವನ್ನು ತಿಂದುಹಾಕಿತ್ತು. ಅವನ ಕುರ್ಚಿಯ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಗ್ರೇವಿ ಇತ್ತು.

ಗ್ರೇವಿ ಹೆಣ್ಣು ಬಾಲ್ ಪೈಥಾನ್. ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವ ಸಾಧು ಹೆಬ್ಬಾವು. ಡೇಟನ್ ನಗರದ ಹಾವು-ಹಲ್ಲಿಗಳ ಮೇಳದಲ್ಲಿ ಗಾರ್ಲಂಡ್ ಅದನ್ನು ಕೊಂಡಿದ್ದ. ನೋಡಲು ಮಾಮೂಲಿ ಕಂದು ಹಾವಾದರೂ ಒಳಗೆ 'ಪೈಡ್' ಗುಣ ಅಡಗಿದೆ, ಮರಿಗಳು ಅರ್ಧ ಮೈ ಹಾಲಿನಂತೆ ಬೆಳ್ಳಗೆ ಹುಟ್ಟಬಹುದು ಎಂದು ಮಾರಿದವನು ಹೇಳಿದ್ದ. ಗಾರ್ಲಂಡನ ತಮ್ಮ ಡ್ವೇನ್ ಬಂದಾಗಲೆಲ್ಲ ಅದನ್ನೇ ಎತ್ತುತ್ತಿದ್ದ.

"ಅಲ್ಲಯ್ಯಾ, ಕಂದು ಹಾವಿಗೆ ಬಿಳಿ ಹಾವಿನ ಬೆಲೆ ಕೊಟ್ಟು ಬಂದ್ಯಲ್ಲ! ನಾಳೆ ನನ್ನ ಹಳೇ ಟ್ರಕ್ಕೊಳಗೆ ಹೊಸ ಟ್ರಕ್ ಅಡಗಿದೆ ಅಂದ್ರೆ ಅದನ್ನೂ ತಗೋತೀಯ!"

ಗಾರ್ಲಂಡ್ ನಕ್ಕುಬಿಡುತ್ತಿದ್ದ. ಲೊರೀನಳಿಗೆ ಮಾತ್ರ ಅದು ಚುಚ್ಚುತ್ತಿತ್ತು. ಕೊನೆಗೆ ಅವಳು ಮೆಲ್ವಿನ್ ಹತ್ತಿರ ಹೋದಳು. ಟೈರ್ ಅಂಗಡಿಯಿಂದ ನಿವೃತ್ತನಾದ ಮೆಲ್ವಿನ್ ನೆಲಮಾಳಿಗೆಯಲ್ಲಿ ಹಾವು ಸಾಕುತ್ತಿದ್ದ; ಅವನಲ್ಲಿ ಅರ್ಧ ಮೈ ಬಿಳಿಯ ಪೈಡ್ ಗಂಡೊಂದಿತ್ತು.

"ಜೋಡಿ ಮಾಡಿ ನೋಡಣ," ಎಂದ ಅವನು. "ಗ್ರೇವಿಯಲ್ಲಿ ಆ ಗುಣ ಇದ್ರೆ ಹೆಚ್ಚುಕಮ್ಮಿ ಅರ್ಧ ಮರಿ ಬಿಳಿ ಬರ್ತವೆ. ಇಲ್ದಿದ್ರೆ ಎಲ್ಲಾ ಕಂದು. ಕಾಯದೆ ಬೇರೆ ದಾರಿ ಇಲ್ಲ."

ಮೊದಲ ಚಳಿಗಾಲ ಗ್ರೇವಿ ಗಂಡಿನ ಕಡೆ ತಿರುಗಿಯೂ ನೋಡಲಿಲ್ಲ. ಊಟವನ್ನೂ ಬಿಟ್ಟಿತು. ಲೊರೀನ್ ಕೆಲಸ ಮುಗಿಸಿ ಬಂದು ಫ್ರೀಜರಿನ ಇಲಿಯನ್ನು ಬಿಸಿನೀರಲ್ಲಿ ನೆನೆಸಿ, ಇಕ್ಕಳದಲ್ಲಿ ಹಿಡಿದು ಮೂತಿಯ ಮುಂದೆ ಆಡಿಸಿ, ಅದು ಮುಟ್ಟದಿದ್ದಾಗ ಎಸೆಯುತ್ತಿದ್ದಳು. ಮರುವರ್ಷ ಜೋಡಿ ಕೂಡಿತು, ಮೊಟ್ಟೆಗಳೂ ಬಂದವು. ಅವುಗಳ ಪೆಟ್ಟಿಗೆಯ ಶಾಖ ನೋಡದೆ ಅವಳು ಕೆಲಸಕ್ಕೆ ಹೊರಡುತ್ತಿರಲಿಲ್ಲ. ಬೇಸಿಗೆಯಲ್ಲಿ ಮೊಟ್ಟೆ ಸೀಳಿ ಒಂದೊಂದೇ ತಲೆ ಹೊರಬಂತು. ಎಲ್ಲವೂ ಕಂದು.

"ನಾಣ್ಯ ಚಿಮ್ಮಿದಾಗ ಒಂದೇ ಮುಖ ಮತ್ತೆ ಮತ್ತೆ ಬೀಳಲ್ವಾ, ಹಾಗೇ ಇದೂ ಆಗಿರಬಹುದು," ಎಂದ ಮೆಲ್ವಿನ್. "ಮುಂದಿನ ವರ್ಷ ಇನ್ನೊಂದ್ಸಲ ನೋಡಣ."

"ಮುಂದಿನ ವರ್ಷ ಅನ್ಬೇಡ ಮಾರಾಯ. ಗ್ರೇವಿ ಮೈ ನೋಡು, ಬೆನ್ನುಮೂಳೆ ಎದ್ದು ಕಾಣ್ತಿದೆ. ನಂದೂ ಅದೇ ಗತಿ."

ಹಾಗಾದರೆ ಗ್ರೇವಿ ಕಳಚಿದ ಪೊರೆಯ ತುಂಡನ್ನು, ಈಗ ಹೊಸದಾಗಿ ಬಂದಿರುವ ವಂಶವಾಹಿ ಪರೀಕ್ಷೆಗೆ ಕಳಿಸು ಎಂದು ಅವನೇ ಹೇಳಿದ. ಅವಳು ಕಳಿಸಿದಳು. ಉತ್ತರ ಬಂದ ದಿನ ಅವಳ ಕಾರು ಕೆಟ್ಟಿತ್ತು. ಮನೆಗೆ ಬಿಡಲು ಹೋದವಳು ನಾನೇ.

ಅವಳು ಕೋಟೂ ಬಿಚ್ಚದೆ ಹೇಳಿದಳು: "ಗಾರ್ಲಂಡ್, ಪರೀಕ್ಷೆಯ ಉತ್ತರ ಬಂತು. ಪೈಡ್ ಇಲ್ಲ ಕಣೋ. ಚೂರೂ ಇಲ್ಲ."

"ಗೊತ್ತಿತ್ತು ಕಣೆ."

"ಗೊತ್ತಿತ್ತಾ? ಯಾವಾಗಿಂದ?"

"ಮರಿಗಳನ್ನ ನೋಡಿದಾಗಲೇ. ನೀನು ಇಷ್ಟೊಂದು ಒದ್ದಾಡ್ತಿದ್ಯಲ್ಲ, ಬಿಳಿ ಮರಿ ನಿಂಗೇ ಬೇಕಾಗಿದೆ ಅಂದ್ಕೊಂಡು ಸುಮ್ನಿದ್ದೆ."

"ನಂಗಾ? ಇವತ್ತಿಗೂ ಅದನ್ನ ಮುಟ್ಟಿದ್ರೆ ಮೈ ಜುಮ್ಮನ್ನುತ್ತೆ! ಡ್ವೇನ್ ಬಾಯಿ ಮುಚ್ಚಿಸೋಕೆ, ನಿನ್ನ ಮಾನ ಉಳ್ಸೋಕೆ ಮಾಡಿದ್ದು ಕಣೋ."

"ಡ್ವೇನ್ ಬಾಯಾ? ಅದು ತೊಟ್ಟಿಲಲ್ಲೇ ಮುಚ್ಚಿರಲಿಲ್ಲ."

ಅವನು ನಗಲು ಹೋದ, ನಗು ಕೆಮ್ಮಾಯಿತು. ಅವಳು ಅವನ ಬೆನ್ನು ನೀವಿದಳು. ಕೆಮ್ಮು ನಿಂತ ಮೇಲೂ ಕೈ ತೆಗೆಯಲಿಲ್ಲ. ಆಮೇಲೆ ಶೂ ಹಾಕಿಕೊಂಡೇ ಸೋಫಾದ ಮೇಲೆ ಕುಸಿದಳು. ನಾನು ಒಲೆ ಹಚ್ಚಿ ಬೀನ್ಸ್ ಬಿಸಿ ಮಾಡಿದೆ. ಮೂವರೂ ಅದನ್ನು ಜೋಳದ ರೊಟ್ಟಿಯ ಜೊತೆ ತಿಂದೆವು.

ಮರಿಗಳನ್ನು ಮೆಲ್ವಿನ್ ಒಯ್ದ. "ಇವುಗಳ ಒಳಗಂತೂ ಬಿಳಿ ಇದ್ದೇ ಇದೆ, ಅಪ್ಪನಿಂದ ಬಂದಿದ್ದು. ಒಂದನ್ನ ಇಟ್ಕೋ," ಎಂದ. ಲೊರೀನ್ ಕೈಯಾಡಿಸಿ ಬೇಡವೆಂದಳು.

ಗ್ರೇವಿ ಮತ್ತೆ ತಿನ್ನತೊಡಗಿತು. ಡ್ವೇನ್ ಗೇಲಿ ಬಿಡಲಿಲ್ಲ, ಆದರೆ ಲೊರೀನ್ ಈಗ ಅವನಿಗೆ ಕಾಫಿ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಒಂದು ಭಾನುವಾರ ಅವಳು, ನಾವಿಬ್ಬರೂ ಹೋಗುವ ಚರ್ಚಿಗೆ ಬರಲಿಲ್ಲ. ಏನಾಯಿತೋ ಎಂದು ಫೋನ್ ಮಾಡಿದರೆ ಗಾರ್ಲಂಡ್ ಎತ್ತಿಕೊಂಡು ಪಿಸುದನಿಯಲ್ಲಿ ಹೇಳಿದ:

"ಮಲಗಿದ್ದಾಳೆ. ಎಷ್ಟೋ ದಿನದ ಬಾಕಿ ನಿದ್ದೆ. ಎಬ್ಬಿಸಲ್ಲ, ತಪ್ಪು ತಿಳ್ಕೋಬೇಡ."