ಮೇಜಿನ ಮೇಲೆ ಒಂದೇ ಡಬ್ಬಿ

ಮೊಂಟಾನಾದ ನಮ್ಮ ಕಣಿವೆಯಲ್ಲಿ ಅಂಗಡಿಯಿಂದ ತೋಟಾ ಕೊಳ್ಳುವವರನ್ನು ಯಾರೂ ಹೀಯಾಳಿಸುವುದಿಲ್ಲ. ವರ್ಲಿನ್ ಟ್ವೇಟ್ ಮಾತ್ರ, ಹಬ್ಬಕ್ಕೂ ಹೋಟೆಲಿನಿಂದ ಊಟ ತರಿಸುವವರನ್ನು ನೋಡುವ ಹಾಗೆ ಅವರನ್ನು ನೋಡುತ್ತಿದ್ದ. ರಸ್ತೆಯ ಹಿಮ ತಳ್ಳುವ ಗಾಡಿ ಓಡಿಸಿ ನಿವೃತ್ತನಾದವನು. ಕಾರು ನಿಲ್ಲಿಸುವ ಷೆಡ್ಡಿನ ಮೂಲೆಯಲ್ಲಿ ಅವನದೊಂದು ಮೇಜಿತ್ತು. ಹಾರಿಸಿದ ತೋಟಾಗಳ ಹಿತ್ತಾಳೆ ಕೋಶಗಳನ್ನು ಹುಲ್ಲಿನಿಂದ ಹೆಕ್ಕಿ ತಂದು, ತೊಳೆದು, ಅಚ್ಚಿಗೆ ಒತ್ತಿ ಸರಿಮಾಡಿ, ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತುಂಬಿ, ಬಾಯಿಗೆ ಗುಂಡು ಒತ್ತುತ್ತಿದ್ದ. ಹೆಂಡತಿ ಆರ್ಡಿಸ್‌ಳ ಕೋವಿಗೂ ಮದುವೆಯಾದಾಗಿನಿಂದ ಅವನೇ ತೋಟಾ ಮಾಡಿಕೊಡುತ್ತಿದ್ದ.

ಆ ವರ್ಷ ಆರ್ಡಿಸ್‌ಗೆ ನದಿಯಾಚೆಯ ಗುಡ್ಡದಲ್ಲಿ ಎಲ್ಕ್ ಎಂಬ ದೊಡ್ಡ ಕಡವೆಯನ್ನು ಹೊಡೆಯುವ ಪರವಾನಿಗೆ ಬಂತು. ಚೀಟಿ ಎತ್ತಿ ಕೊಡುವ ಪರವಾನಿಗೆ ಅದು. ಸಿಗದವರು ಜೀವಮಾನವೆಲ್ಲ ಅರ್ಜಿ ಹಾಕುತ್ತಲೇ ಇರುತ್ತಾರೆ. ಅವಳಿಗೆ ಬಂದದ್ದು ಬಲಭುಜದ ಆಪರೇಷನ್ ಆದ ಮೇಲೆ. ಅಂಗಡಿಯ ತೋಟಾದ ಒದೆತವನ್ನು ಆ ಭುಜ ತಾಳುತ್ತಿರಲಿಲ್ಲ. ಮೆತ್ತಗೆ ಒದೆಯುವ ತೋಟಾ ಮನೆಯಲ್ಲೇ ಆಗಬೇಕು, ಇಲ್ಲವಾದರೆ ಪರವಾನಿಗೆ ಗೋಡೆಯ ಮೇಲೇ ಉಳಿಯಬೇಕು.

"ಹಗುರದ ಗುಂಡು ಹಾಕು" ಎಂದಳು ಆರ್ಡಿಸ್.

"ಹಗುರ ಅಂತ ನರಿ ಹೊಡೆಯೋ ಗುಂಡು ಹಾಕಕ್ಕಾಗತ್ತಾ? ಎಲ್ಕ್ ಭುಜದ ಮೂಳೆ ದಾಟಿ ಒಳಗೆ ಹೋಗ್ಬೇಕು ಕಣೆ."

"ನನ್ ಭುಜದ ಮೂಳೆ ಬಗ್ಗೆನೂ ಒಂಚೂರು ಯೋಚ್ನೆ ಮಾಡು."

ಕೊನೆಗೆ ಪೂರ್ತಿ ತಾಮ್ರದ ಗುಂಡು ಆರಿಸಿದ. ಸೀಸದ್ದಕ್ಕಿಂತ ಹಗುರ, ಮೂಳೆಗೆ ತಾಗಿದರೂ ಪುಡಿಯಾಗುವುದಿಲ್ಲ. ಅದಕ್ಕೆ ಹೊಂದುವ ಮದ್ದು ಆ ವರ್ಷ ಯಾವ ಅಂಗಡಿಯಲ್ಲೂ ಇರಲಿಲ್ಲ. ಅವನ ಹತ್ತಿರ ಹಳೆಯ ಡಬ್ಬಿಯೊಂದರಲ್ಲಿ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಅದನ್ನೇ ತುಂಬಿದ.

ಪಕ್ಕದ ಜಮೀನಿನ ಡೆಲ್ಬರ್ಟ್‌ನ ಜಲ್ಲಿಗುಂಡಿಯಲ್ಲಿ ಕಾಗದಕ್ಕೆ ಗುರಿಯಿಟ್ಟು ನೋಡಲು ಹೋದರು. ಮೊದಲಿನವು ಚೆನ್ನಾಗಿ ಹೋದವು. "ಇದು ಒದೆಯೋದಲ್ಲ, ಸುಮ್ನೆ ತಳ್ಳತ್ತೆ" ಎಂದು ಆರ್ಡಿಸ್ ನಕ್ಕಳು. ಮುಂದಿನದು ಒದ್ದ ಒದೆತಕ್ಕೆ ಅವಳ ಮುಖ ಬಿಳಿಚಿಕೊಂಡಿತು. ಹಾರಿಸಿದ ಕೋಶವನ್ನು ಹೊರಗೆಳೆಯುವ ಕೋವಿಯ ಬೋಲ್ಟು ಸಿಕ್ಕಿಹಾಕಿಕೊಂಡಿತ್ತು. ವರ್ಲಿನ್ ಅಂಗೈಯಿಂದ ಗುದ್ದಿ ತೆಗೆಯಬೇಕಾಯಿತು. ಹೊರಬಂದ ಕೋಶದ ಕೇಪು ರಸ್ತೆ ರೋಲರ್ ಹತ್ತಿದ ಹಾಗೆ ಚಪ್ಪಟೆಯಾಗಿತ್ತು. ಒಳಗಿನ ಒತ್ತಡ ಮಿತಿ ಮೀರಿದ್ದರ ಗುರುತು ಅದು.

"ಬಿಸಿಲು ಜಾಸ್ತಿ ಇವತ್ತು" ಎಂದ ಡೆಲ್ಬರ್ಟ್.

"ಬಿಸಿಲಿಗೆ ಹಿಂಗಾಗಲ್ಲ" ಎಂದು ವರ್ಲಿನ್ ಮಿಕ್ಕ ತೋಟಾಗಳನ್ನು ಜೇಬಿಗೆ ಹಾಕಿಕೊಂಡ.

ಮನೆಗೆ ಬಂದು ಡಬ್ಬಿಯನ್ನು ಬಿಳಿ ತಟ್ಟೆಗೆ ಬಗ್ಗಿಸಿದ. ಆ ಮದ್ದಿನ ಕಾಳು ಸಣ್ಣಗೆ ಕತ್ತರಿಸಿದ ಶಾವಿಗೆಯಂತಿರಬೇಕು. ಶಾವಿಗೆಯ ನಡುವೆ ಚಪ್ಪಟೆ ಚಕ್ಕೆಗಳಿದ್ದವು. ಅದು ಪಿಸ್ತೂಲಿಗೆ ಹಾಕುವ, ಭಗ್ಗನೆ ಉರಿಯುವ ಮದ್ದು.

ಮೇಜಿನ ಮೇಲೆ ಯಾವತ್ತೂ ಒಂದೇ ಡಬ್ಬಿ. ಅಳತೆಯಂತ್ರದಲ್ಲಿ ಉಳಿದ ಮದ್ದನ್ನು ಅದೇ ಡಬ್ಬಿಗೆ ಸುರಿಯದೆ ಕುರ್ಚಿ ಬಿಟ್ಟು ಏಳಬಾರದು. ಕಣಿವೆಯ ಅರ್ಧ ಜನಕ್ಕೆ ಇದನ್ನು ಹೇಳಿಕೊಟ್ಟವನು ವರ್ಲಿನ್. ಎಂದೋ ಎದ್ದು ಹೋಗಿದ್ದಾನೆ, ಬಂದು ಬೇರೆ ಡಬ್ಬಿಗೆ ಸುರಿದಿದ್ದಾನೆ.

"ಯಾವಾಗ ಆಯ್ತು?" ಆರ್ಡಿಸ್ ಕೇಳಿದಳು.

"ನೆನಪಿಲ್ಲ."

"ಹೋದ್ರೆ ಹೋಗ್ಲಿ, ಚೆಲ್ಲಿದ್ರೆ ಆಯ್ತು."

"ನೆನಪಿಲ್ಲ ಅಂದೆನಲ್ಲ ಆರ್ಡಿಸ್. ಅದೇ ತಾನೇ ತೊಂದ್ರೆ."

ಕಲಬೆರಕೆ ಮದ್ದನ್ನು ಹಿತ್ತಲಿನ ಹುಲ್ಲಿಗೆ ತೆಳ್ಳಗೆ ಎರಚಿದ. ತುಂಬಿದ ತೋಟಾಗಳನ್ನು ಅದಕ್ಕೆಂದೇ ಇರುವ ಟೊಳ್ಳು ಪ್ಲಾಸ್ಟಿಕ್ ಸುತ್ತಿಗೆಯೊಳಗಿಟ್ಟು ಬಡಿದು ಗುಂಡುಗಳನ್ನು ಬಿಡಿಸಿದರು. ಪರವಾನಿಗೆ ಆ ಋತುವಿಗೆ ಮಾತ್ರ.

ವಿಷಯ ತಿಳಿದು ಡೆಲ್ಬರ್ಟ್ ಸಂಜೆ ಬಂದ, ಕಂಕುಳಲ್ಲಿ ಅದೇ ಜಾತಿಯ ಮದ್ದಿನ ಡಬ್ಬಿ. "ತುಂಬಿದ ತೋಟಾ ಕೊಡಲ್ಲ. ನನ್ ಕೈಯಲ್ಲಿ ತುಂಬಿದ್ದು ನಿನ್ ಹೆಂಡ್ತಿ ಕೆನ್ನೆ ಪಕ್ಕ ಸಿಡಿಯೋದು ಬೇಡ. ಇದರ ಸೀಲು ಒಡೆದಿಲ್ಲ, ನೋಡ್ಕೋ." ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ಹಾರಿಸುವುದು ಇಲ್ಲಿ ಗಂಡ ಹೆಂಡಿರ ನಡುವೆ ಮಾತ್ರ.

ಅವನು ಹೋದ ಮೇಲೂ ವರ್ಲಿನ್ ಸೀಲು ಒಡೆಯಲಿಲ್ಲ. "ಈ ವರ್ಷ ಬಿಟ್ಬಿಡು. ನಾನು ತುಂಬಿದ್ದನ್ನ ನಿನ್ ಕೈಗೆ ಕೊಡಕ್ಕೆ ನಂಗೆ ಧೈರ್ಯ ಇಲ್ಲ."

"ನೀನ್ಯಾಕೆ ತುಂಬ್ತೀಯ? ಏಳು ಕುರ್ಚಿಯಿಂದ."

"ನಿಂಗೆಲ್ಲಿ ಬರತ್ತೆ?"

"ಇಷ್ಟು ವರ್ಷ ಊಟಕ್ಕೆ ಕರೆಯಕ್ಕೆ ಬಂದು ಬಾಗಿಲಲ್ಲಿ ನಿಂತು ನೋಡಿದ್ದೀನಿ. ನೀನು ಯಾವತ್ತು ಒಂದೇ ಸಲಕ್ಕೆ ಎದ್ದು ಬಂದಿದ್ದೀಯ?"

ಅವಳು ಕೂತಳು. ಬೇರೆ ಡಬ್ಬಿಗಳೆಲ್ಲ ಆಚೆ ಗೋಡೆಯ ಕಪಾಟಿಗೆ ಹೋದವು. ಮದ್ದು ತಯಾರಿಸುವ ಕಂಪನಿಯ ಪುಸ್ತಕದಲ್ಲಿ ಆ ಗುಂಡಿಗೆ ಹೇಳಿದ್ದ ಮದ್ದಿನ ಅತಿ ಕಡಿಮೆ ತೂಕವನ್ನು ವರ್ಲಿನ್ ಓದಿ ಹೇಳಿದ. ಅವಳು ಕನ್ನಡಕ ಏರಿಸಿ ಮತ್ತೆ ತಾನೇ ಓದಿಕೊಂಡಳು. ಒಂದೊಂದನ್ನೂ ತಕ್ಕಡಿಯಲ್ಲಿ ತೂಗಿ ತುಂಬಿದಳು. ಅವನು ಟಾರ್ಚು ಬಿಟ್ಟು ಕೋಶಗಳ ಒಳಗೆ ಇಣುಕಿ, ಮಟ್ಟ ಒಂದೇ ಸಮ ಇದೆಯೇ ಎಂದು ನೋಡಿದ. ನಡುವೆ ಅಡುಗೆಮನೆಯಲ್ಲಿ ಫೋನು ಬಡಿದುಕೊಂಡಿತು. ಅವನು ಅವಳ ಮುಖ ನೋಡಿದ.

"ಹೊಡ್ಕೊಳ್ಳಲಿ ಬಿಡು" ಎಂದಳು, ತಕ್ಕಡಿಯಿಂದ ಕಣ್ಣು ತೆಗೆಯದೆ.

ಜಲ್ಲಿಗುಂಡಿಯಲ್ಲಿ ಅವು ಒಂದೇ ಸಮ ತಳ್ಳಿದವು. ಬೋಲ್ಟು ಎರಡೇ ಬೆರಳಿಗೆ ತೆರೆದುಕೊಂಡಿತು. ಋತುವಿನ ಮೊದಲ ವಾರ ನದಿಯಾಚೆಯ ಇಳಿಜಾರಿನಲ್ಲಿ ಆರ್ಡಿಸ್ ಒಂದು ಹೆಣ್ಣು ಎಲ್ಕನ್ನು ಹೊಡೆದಳು. ಡೆಲ್ಬರ್ಟ್‌ಗೆ ಹಿಂದೊಡೆಯ ಮಾಂಸ ಹೋಯಿತು.

ಜಿಂಕೆ ಬೇಟೆಗೆ ಹೊರಡುವ ಮುನ್ನ ವರ್ಲಿನ್ ತನ್ನ ಕೋವಿಯ ಖಾಲಿ ಕೋಶಗಳನ್ನು ತೊಳೆದು ತಂದು ಮೇಜಿನ ಮೇಲಿಟ್ಟ. ಕುರ್ಚಿಯಲ್ಲಿ ಕೂರಲಿಲ್ಲ.

"ಏನಿದು?" ಎಂದಳು ಆರ್ಡಿಸ್.

"ನನ್ ಭುಜ ಗಟ್ಟಿಯಾಗೇ ಇದೆ. ಒಂಚೂರು ಒದೆಯೋ ಹಾಗೇ ತುಂಬು."

"ಟಾರ್ಚು ತಗೊಂಡ್ ಬಾ ಹಾಗಾದ್ರೆ" ಎಂದು ಅವಳು ಕುರ್ಚಿ ಎಳೆದುಕೊಂಡಳು.