ಬಿಶ್ಯಾಳ ಕಾರು ಗುಡ್ಡ ಹತ್ತದ ದಿನ

ಎದುರು ಗ್ಯಾರೇಜಿನ ಬಿಶ್ಯಾ ಮದುವೆಯಾಗಿ ಬಂದ ಹತ್ತೊಂಬತ್ತು ವರ್ಷಗಳಲ್ಲಿ ಗುಡ್ಡದ ಮೇಲಿನ ಭೂಮಿದೇವರ ಗುಡಿ ದಾಟಿ ಹೋದದ್ದು ನಾಲ್ಕೇ ಸಲ. ಎರಡು ಸಲ ಆಸ್ಪತ್ರೆಗೆ, ಒಂದು ಸಲ ಗಂಡನ ಹೆಣ ತರುವುದಕ್ಕೆ, ಇನ್ನೊಂದು ಸಲ ಕೆಲಸದ ಸಂದರ್ಶನಕ್ಕೆಂದು ದೂರದ ಪಟ್ಟಣ ಹ್ವಾಲಿಯೆನ್‌ಗೆ. ಗುಡಿಯವರೆಗಾದರೆ ದಿನಕ್ಕೆ ಐದಾರು ಸಲ ಹೋಗುತ್ತಾಳೆ. ರಿಪೇರಿಯಾದ ಕಾರನ್ನು ಅಲ್ಲಿಯವರೆಗೆ ಓಡಿಸಿ ನೋಡಿ, ದೇವರಿಗೊಂದು ಕೈ ಮುಗಿದು, ತಿರುಗಿಸಿಕೊಂಡು ಬರುವುದು ಅವಳ ಮಾವ ಥ್ಯೆನ್‌ಫೂ ಮೇಸ್ತ್ರಿ ಹಾಕಿಕೊಟ್ಟ ಪದ್ಧತಿ. ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ಬೆಳಿಗ್ಗೆ ಐದರಿಂದ ಹನ್ನೊಂದರವರೆಗೆ ನನ್ನ ತಿಂಡಿ ಅಂಗಡಿಯ ಹೆಂಚಿನ ಮುಂದೆ ನಿಂತವಳು ನಾನು ಮತ್ತೇನು ನೋಡಲಿ?

ಗಂಡ ಹೋದಮೇಲೆ ಗ್ಯಾರೇಜು ನಡೆಸಿದವಳು ಅವಳೇ. ಆದರೂ ಗಿರಾಕಿಗಳು ಬಂದು ಕೇಳುತ್ತಿದ್ದದ್ದು ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತ ಮೇಸ್ತ್ರಿಯನ್ನು. ಅವಳು ಕಾರಿನಡಿಯಿಂದ ಹೊರಬಂದು ಹೀಗಿದೆ ಎಂದರೆ ಅವರು ಮುದುಕನ ಮುಖ ನೋಡುವರು. ಆತ ತಲೆಯಾಡಿಸಿದಮೇಲೇ ಮಾತು ಪಕ್ಕಾ. ನೋಡಿ ನೋಡಿ ನನಗೇ ಮೈ ಉರಿಯುತ್ತಿತ್ತು. ಅವಳು ಮಾತ್ರ ಮತ್ತೆ ಕಾರಿನಡಿಗೆ ನುಸುಳುತ್ತಿದ್ದಳು.

ಹಾಗಿದ್ದವಳಿಗೆ ಹ್ವಾಲಿಯೆನ್‌ನ ಒಂದು ತರಬೇತಿ ಶಾಲೆಯಲ್ಲಿ ಮೋಟಾರು ಕೆಲಸ ಕಲಿಸುವ ನೌಕರಿ ಸಿಕ್ಕಿತು. ಶುಕ್ರವಾರ ಮಧ್ಯಾಹ್ನ ಎರಡರೊಳಗೆ ಹಾಜರಾಗಬೇಕು, ತಪ್ಪಿದರೆ ಪಟ್ಟಿಯಲ್ಲಿ ಮುಂದಿನವರಿಗೆ. ಮೇಸ್ತ್ರಿ, "ಹೋಗ್ ಹೋಗು, ನನಗೇನ್ ಕಡಿಮೆ? ಒಬ್ಬನೇ ಇರ್ತೀನಿ" ಅಂದ. ಎರಡು ಹೊತ್ತು ಊಟ ಕೊಡಲು ನಾನು ಒಪ್ಪಿದೆ. ಎಪ್ಪತ್ತೆಂಟಾದರೂ ಕಲ್ಲುಗುಂಡಿನಂಥ ಆಳು ಎಂದು ನಾವೆಲ್ಲ ನಂಬಿದ್ದೆವು. ಅವಳು ಹೊರಡಬಹುದಾದದ್ದು ಆ ಒಂದು ನಂಬಿಕೆಯ ಮೇಲೆ.

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ತನ್ನ ಕಾರಿಗೆ ಎರಡು ಪೆಟ್ಟಿಗೆ ಹಾಕಿಕೊಂಡು ಹೊರಟಳು. ನಾನು ಬಾಗಿಲಲ್ಲಿ ನಿಂತು ಕೈ ಬೀಸಿದೆ. ಕಾರು ಏರಿನ ಅರ್ಧಕ್ಕೆ ಹೋಗಿ ಸುಸ್ತಾಯಿತು. ಹಿಂದಿದ್ದ ಮೀನಿನ ಗಾಡಿಯವನು ಹಾರ್ನು ಹೊಡೆದದ್ದೇ ಹೊಡೆದದ್ದು. ಸ್ವಲ್ಪ ಹೊತ್ತಿಗೆ ಬಿಶ್ಯಾ ಇಳಿಜಾರಿನಲ್ಲಿ ಕಾರನ್ನು ವಾಪಸು ತಂದು ಗ್ಯಾರೇಜಿಗೇ ನುಗ್ಗಿಸಿದಳು.

ಓಡಿಹೋದೆ. "ಏನಾಯ್ತೇ?"

"ಪೆಡಲ್ ಪೂರ್ತಿ ಒತ್ತಿದ್ರೂ ಎಳೀತಿಲ್ಲ ಅಕ್ಕಾ. ನಿನ್ನೆ ಸರಿಯಾಗೇ ಇತ್ತು."

ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳು ಮಡಚಿದಳು. ತಪ್ಪು ಹುಡುಕುವ ಯಂತ್ರ ಸಿಕ್ಕಿಸಿದರೆ ಅದು ತಪ್ಪೇ ಇಲ್ಲ ಎಂದಿತು. ಬ್ರೇಕು ಹಿಡಿದುಕೊಂಡಿದೆಯೇನೋ ಎಂದು ನಾಲ್ಕೂ ಗಾಲಿ ಮುಟ್ಟಿ ನೋಡಿದಳು, ಬಿಸಿಯಿರಲಿಲ್ಲ. ಪೆಟ್ರೋಲಿನ ಒತ್ತಡ ಸರಿಯಾಗಿತ್ತು. ಇಂಜಿನ್ನಿಗೆ ಗಾಳಿ ತುಂಬುವ ಟರ್ಬೋದ ಕೊಳವೆಗಳನ್ನು ಬೆರಳಿಂದ ತಡವಿದಳು, ಎಲ್ಲೂ ಬಿರುಕಿಲ್ಲ. ನಿಂತಲ್ಲಿ ಇಂಜಿನ್ನು ಸಣ್ಣಗೆ, ಒಳ್ಳೆ ಹಸುವಿನ ಹಾಗೆ ಉಸಿರಾಡುತ್ತಿತ್ತು. ಗಡಿಯಾರ ಎಂಟೂವರೆ ದಾಟಿತು. ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಬಿಸಿ ಸೋಯಾಹಾಲು ಹೀರುತ್ತಿದ್ದ, ಇತ್ತ ತಿರುಗಲೂ ಇಲ್ಲ.

"ಅಕ್ಕಾ, ಒಳಗೆ ಕೂತ್ಕೊಂಡು ಜೋರಾಗಿ ಒತ್ತು," ಎಂದಳು. ಒತ್ತಿದೆ. ಅವಳು ಯಂತ್ರದ ಪರದೆ ನೋಡಿದಳು. "ಗಾಳಿ ಕಮ್ಮಿ. ಬೇಕಾದ್ದರ ಅರ್ಧ ಕೂಡ ಒಳಗೆ ಹೋಗ್ತಿಲ್ಲ."

ಗಾಳಿ ಸೋಸುವ ಡಬ್ಬಿ ಬಿಚ್ಚಿದಳು, ಸೋಸುಕ ಹೊಸದು. ಅದರ ಮುಂದಿನ ಕೊಳವೆಯ ಬಾಯಿಗೆ, ಮುಂಭಾಗದ ಜಾಲರಿಯ ಹಿಂದೆ, ಕೈ ಹಾಕಿದಳು. ಹೊರಗೆ ಬಂದದ್ದು ಒಂದು ಹಸಿರು ಪೊಟ್ಟಣ.

ನಮ್ಮಲ್ಲಿ ಯಂತ್ರವಿದ್ದಲ್ಲೆಲ್ಲ ಇರುವ ಅದೇ ಕುರುಕಲು ತಿಂಡಿಯ ಪೊಟ್ಟಣ. ಆ ತಿಂಡಿಯ ಹೆಸರಿಗೆ ಹೇಳಿದ ಮಾತು ಕೇಳುವ ಜಾಣಮರಿ ಎಂದರ್ಥ, ಯಂತ್ರವೂ ಹಾಗೆಯೇ ನಮ್ಮ ಮಾತು ಕೇಳಲಿ ಎಂದು ಇಡುತ್ತೇವೆ. ನನ್ನ ಸೋಯಾಹಾಲಿನ ಯಂತ್ರದ ಮೇಲೂ ಒಂದಿದೆ. ಹಸಿರೇ ಆಗಬೇಕು, ಹಳಸಿರಬಾರದು, ತಿನ್ನಬಾರದು. ಕಾರಿನಲ್ಲಾದರೆ ಗಾಜಿನ ಹಿಂದೆ ಇಡುತ್ತಾರೆ. ಇಂಜಿನ್ನಿನ ಮೂಗಿನ ಹತ್ತಿರ ಯಾರೂ ಇಡುವುದಿಲ್ಲ. ಸುಮ್ಮನೆ ನಿಂತಾಗ ಅದು ಪಕ್ಕಕ್ಕೆ ಜೋತಿರುತ್ತಿತ್ತು, ಪೆಡಲ್ ಒತ್ತಿದರೆ ಗಾಳಿ ಎಳೆದ ರಭಸಕ್ಕೆ ಬಾಯಿಗೆ ಗಪ್ಪನೆ ಅಂಟಿಕೊಳ್ಳುತ್ತಿತ್ತು.

ಪೊಟ್ಟಣದ ಮೇಲೆ ಪೆನ್ನಿನಲ್ಲಿ ಬರೆದ ನಿನ್ನೆಯ ತಾರೀಖು, ಕೆಳಗೆ "ದಾರಿ ಸುಖವಾಗಿರಲಿ". ಮೇಸ್ತ್ರಿಯ ಅಕ್ಷರ.

ಬಿಶ್ಯಾ ನನ್ನ ಮುಖ ನೋಡಿ ನಕ್ಕಳು. ಎಷ್ಟೋ ವರ್ಷದ ಮೇಲೆ ಅವಳು ಹಾಗೆ ನಕ್ಕದ್ದು.

"ನಲವತ್ತೈದು ವರ್ಷ ಇಂಜಿನ್ ಬಿಚ್ಚಿದ ಮನುಷ್ಯ ಅಕ್ಕಾ. ಗಾಳಿ ಎಲ್ಲಿಂದ ಹೋಗತ್ತೆ ಅಂತ ಗೊತ್ತಿಲ್ವಾ? ಬೇಕಂತ್ಲೇ ಮಾಡಿದ್ದಾರೆ, ನಾನು ಹೋಗ್ಬಾರ್ದು ಅಂತ."

"ಮುದುಕನ ಕುತಂತ್ರ ನೋಡು!"

"ಒಳ್ಳೇದೇ ಆಯ್ತು. ಇಷ್ಟು ಕುತಂತ್ರ ಮಾಡೋ ತಲೆ ಇದ್ರೆ ಒಬ್ರೇ ಇರೋಕೆ ಏನ್ ಧಾಡಿ? ಇನ್ನೂ ಟೈಮಿದೆ, ಹೋಗ್ತೀನಿ."

ಪೊಟ್ಟಣ ತೆಗೆದುಕೊಂಡು ಹೋಗಿ ಅವನ ಮೂಗಿನೆದುರು ಹಿಡಿದಳು. "ಮಾವ, ಏನಿದು?"

ಮೇಸ್ತ್ರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಎಲ್ಲಿತ್ತು?"

"ಗಾಳಿ ಕೊಳವೆ ಬಾಯಲ್ಲಿ."

"ಅಲ್ಲಿ ಯಾವ ಮುಠ್ಠಾಳ ಇಟ್ಟದ್ದು?" ಮುದುಕ ರೇಗಿದ. "ಗಾಡಿ ಎಳೆಯೋದುಂಟಾ? ಇಂಥವರ ಕೈಗೆ ಸ್ಪ್ಯಾನರ್ ಕೊಡಬಾರದು!"

"ನಿಮ್ಮ ಅಕ್ಷರ ಮಾವ."

ಆತ ಕನ್ನಡಕ ಏರಿಸಿ ಓದಿದ. ಬೆರಳಿನಿಂದ ಅಕ್ಷರಗಳನ್ನು ಒಂದೊಂದಾಗಿ ಸವರಿದ. "ನಂದೇ," ಎಂದ ಮೆಲ್ಲಗೆ. ಆಮೇಲೆ ಎದ್ದು ಮೇಜಿನ ಡ್ರಾಯರ್ ತೆಗೆದು ಇನ್ನೊಂದು ಹಸಿರು ಪೊಟ್ಟಣ ಹೊರತೆಗೆದ. ತಾರೀಖು ಬರೆದ. ಮೊದಲಿನ ತಾರೀಖೇ, ನಿನ್ನೆಯದು. "ತಗೋ, ಗಾಡಿ ಎಳೀತಿಲ್ಲ ಅಂದ್ಯಲ್ಲ. ಇಂಜಿನ್ ಹತ್ರ ಇಡು, ಹೇಳಿದ್ದು ಕೇಳತ್ತೆ."

ಡ್ರಾಯರಿನ ತುಂಬ ಅವೇ ಇದ್ದವು. ಎಲ್ಲದರ ಮೇಲೂ "ದಾರಿ ಸುಖವಾಗಿರಲಿ".

ಬಿಶ್ಯಾ ಆ ಪೊಟ್ಟಣವನ್ನು ಎರಡೂ ಕೈ ಚಾಚಿ ಇಸಿದುಕೊಂಡಳು. ನನ್ನ ಕಡೆ ನೋಡಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆಂದು ಇವತ್ತಿಗೂ ಗೊತ್ತಿಲ್ಲ.

ಬಿಚ್ಚಿದ್ದನ್ನೆಲ್ಲ ಜೋಡಿಸಿ ಕಾರು ಹತ್ತಿದಳು. ಈ ಸಲ ಅದು ಏರನ್ನು ಒಂದೇ ಉಸಿರಿಗೆ ಹತ್ತಿತು. ಹೆಂಚಿನ ಮೇಲೆ ಮೊಟ್ಟೆ ರೊಟ್ಟಿ ಕರಕಾಗುತ್ತಿದ್ದರೂ ನಾನು ರಸ್ತೆಯಲ್ಲೇ ನಿಂತಿದ್ದೆ. ಹೋಗಿಬಿಡೇ ತಾಯಿ, ಮುದುಕನನ್ನು ಹೇಗೋ ನೋಡಿಕೊಂಡರಾಯಿತು ಎಂದು ಮನಸ್ಸಿನಲ್ಲೇ ಕೂಗಿದೆ. ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ, ಏಕೆಂದರೆ ನೋಡಿಕೊಳ್ಳುವುದು ನನ್ನಿಂದಾಗದು. ಕಾರು ಗುಡಿಯ ತಿರುವಿನಲ್ಲಿ ಮರೆಯಾಯಿತು. ಸದ್ದೂ ನಿಂತಿತು.

ಒಬ್ಬರು ಕೈ ಮುಗಿಯುವಷ್ಟು ಹೊತ್ತಾದ ಮೇಲೆ ಕಾರು ಇಳಿದು ಬಂತು.

ಅವಳು ಅದನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿ ಹಿಂದಿನ ಸೀಟಿನ ಪೆಟ್ಟಿಗೆಗಳನ್ನು ಇಳಿಸತೊಡಗಿದಳು. ಮೇಸ್ತ್ರಿ ಸ್ಟೂಲಿನಿಂದಲೇ ಕೇಳಿದ.

"ಯಾರ ಗಾಡಿಯಮ್ಮ ಅದು?"

"ಗಿರಾಕಿದು ಮಾವ."

"ಬೇಗ ಕೊಟ್ಟು ಕಳಿಸು. ದೂರ ಹೋಗೋರಿರಬೇಕು, ಕಾಯ್ತಿರ್ತಾರೆ."